ಮಿಶನ್ನಿನ ಮನೆಗೆ ಪಿಡುಗು ಬಂದಾಗ

ಕಳೆದ ತಿಂಗಳ ನಮ್ಮ ಕೂಟದಲ್ಲಿ ಬಾಸೆಲ್ ಮಿಶನ್ನಿನ ಕನ್ನಡ ಸೇವೆಯನ್ನು ಕುರಿತ ಪ್ರಬಂಧವೊಂದರ ಓದು ನಡೆಯಿತು. ಮೋಗ್ಲಿಂಗ್, ಕಿಟ್ಟೆಲ್, ಮಂಗಳೂರ ಸಮಾಚಾರ, ಎಲ್ಲವೂ ನಾವು ಬಲ್ಲ ಸಂಗತಿಗಳೇ. ಓದು ಮುಗಿದ ಮೇಲಿನ ಮಾತುಕತೆ ಮಾತ್ರ ಬೇರೆ ದಾರಿ ಹಿಡಿಯಿತು. ಪರದೇಶಗಳಲ್ಲಿ ರೋಗ ತಗಲಿ ಸತ್ತ ಮಿಶನರಿಗಳ ಪ್ರಸ್ತಾಪ ಬಂದಾಗ ಹಿರಿಯರೊಬ್ಬರು, 'ಬನ್ನಿ ಎಂದು ಅವರನ್ನು ಕರೆದವರು ಯಾರು? ಮತಾಂತರ ಮಾಡಲು ಹೋದವರು ಅದರ ಫಲವನ್ನೂ ಅನುಭವಿಸಬೇಕು' ಎಂದರು. ಎದುರಿನ ಸಾಲಿನಲ್ಲಿದ್ದ ಇನ್ನೊಬ್ಬ ಹಿರಿಯರಿಗೆ ಸಿಟ್ಟು ಬಂತು. 'ಅವರು ಹುತಾತ್ಮರು. ಹುತಾತ್ಮರ ಸಾವಿಗೆ ಲೆಕ್ಕಪತ್ರ ಕೇಳುವುದು ಸಣ್ಣತನ' ಎಂದರು. ಚಹಾ ಬರುವವರೆಗೂ ವಾದ ನಡೆಯಿತು, ಚಹಾ ಬಂದ ಮೇಲೆ ನಿಂತಿತು. ನಮ್ಮ ಕೂಟದ ವಾದಗಳು ಸಾಮಾನ್ಯವಾಗಿ ನಿಲ್ಲುವುದು ಹಾಗೆಯೇ.

ಅಂದು ಸುಮ್ಮನಿದ್ದ ನಾವು ಕೆಲವರು ಈಗ ಇದನ್ನು ಬರೆಯುತ್ತಿದ್ದೇವೆ. ಆ ಇಬ್ಬರು ಹಿರಿಯರು ಪರಸ್ಪರ ವಿರೋಧಿಗಳೆಂದು ನಮಗೆ ಅನ್ನಿಸಲಿಲ್ಲ. ಒಬ್ಬರ ಕಣ್ಣಿಗೆ ಸತ್ತವರು ತಪ್ಪಿತಸ್ಥರು, ಇನ್ನೊಬ್ಬರ ಕಣ್ಣಿಗೆ ಪುಣ್ಯವಂತರು. ಇಬ್ಬರ ಲೆಕ್ಕದಲ್ಲಿಯೂ ಮೊದಲೇ ಸಿದ್ಧತೆ ಮಾಡಿಕೊಳ್ಳುವ ಹೊಣೆ ಯಾರ ಮೇಲೂ ಬೀಳುವುದಿಲ್ಲ. ನಮ್ಮ ನಿಲುವು ಬೇರೆ. ಪರದೇಶಕ್ಕೆ ತಂಡ ಕಳಿಸುವ ಧಾರ್ಮಿಕ ಸಂಸ್ಥೆಯೊಂದು, ಪಿಡುಗು ಬಂದ ದಿನ ತನ್ನ ಸೂರಿನಡಿ ದುಡಿಯುವ ಪ್ರತಿಯೊಬ್ಬರಿಗೂ ಏನು ಮಾಡುವುದೆಂದು ಮುಂಚೆಯೇ ಬರೆದಿಟ್ಟಿರಬೇಕು. 'ಪ್ರತಿಯೊಬ್ಬರಿಗೂ' ಎಂಬ ಮಾತಿನಲ್ಲಿ ವಾರ್ಡು ಗುಡಿಸುವ ಹೆಂಗಸೂ ಸೇರಿದ್ದಾಳೆ. ಹಾಗೆ ಬರೆದಿಡದ ಸಂಸ್ಥೆಗೆ ತಂಡ ಕಳಿಸುವ ಹಕ್ಕಿಲ್ಲ.

ಇಷ್ಟು ಕಟುವಾಗಿ ಹೇಳಲು ಕಾರಣವಾದ ಘಟನೆಯನ್ನು ಮೊದಲು ಹೇಳಬೇಕು.

2014ರ ಬೇಸಿಗೆಯ ಹೊತ್ತಿಗೆ ಪಶ್ಚಿಮ ಆಫ್ರಿಕದ ಗಿನಿ, ಸಿಯೆರಾ ಲಿಯೋನ್, ಲೈಬೀರಿಯಾಗಳಲ್ಲಿ ಎಬೋಲಾ ಹರಡಿತ್ತು. ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ಸಂತ ಜೋಸೆಫರ ಹೆಸರಿನ ಕ್ಯಾಥೊಲಿಕ್ ಆಸ್ಪತ್ರೆಯೊಂದಿದೆ. ಸೇಂಟ್ ಜಾನ್ ಆಫ್ ಗಾಡ್ ಎಂಬ ಸಂಘದ ಸಹೋದರರು ಅದನ್ನು ನಡೆಸುತ್ತಾರೆ. ಅದರ ನಿರ್ದೇಶಕರಾಗಿದ್ದ ಕ್ಯಾಮರೂನಿನ ಬ್ರದರ್ ಪ್ಯಾಟ್ರಿಕ್ ಅವರಿಗೆ ಜುಲೈ ತಿಂಗಳಲ್ಲಿ ಜ್ವರ ಬಂತು. ಮೊದಲ ಪರೀಕ್ಷೆಯಲ್ಲಿ ಎಬೋಲಾ ಇಲ್ಲವೆಂದು ಬಂತು. ಆ ಫಲಿತಾಂಶ ತಪ್ಪಾಗಿತ್ತು. ಅದನ್ನು ನಂಬಿ ಸಂಗಾತಿಗಳು ಅವರ ಆರೈಕೆ ಮಾಡಿದರು. ಆಗಸ್ಟ್ 2ರಂದು ಅವರು ತೀರಿಕೊಂಡರು. ಅಷ್ಟರಲ್ಲಿ ಆರೈಕೆ ಮಾಡಿದವರಿಗೂ ರೋಗ ತಗಲಿತ್ತು. ಸ್ಪೇನಿನ 75 ವರ್ಷದ ಪಾದ್ರಿ ಮಿಗೆಲ್ ಪಹಾರೆಸ್, ಕಾಂಗೊ ದೇಶದ ಸಿಸ್ಟರ್ ಶಾಂತಾಲ್ ಪಾಸ್ಕಲಿನ್, ಘಾನಾದ ಬ್ರದರ್ ಜಾರ್ಜ್ ಕೊಂಬೆ, ಈಕ್ವಟೋರಿಯಲ್ ಗಿನಿಯ ಸಿಸ್ಟರ್ ಪಾಸಿಯೆನ್ಸಿಯಾ ಮೆಲ್ಗಾರ್. ಅವರ ಜೊತೆಯಲ್ಲಿಯೇ ಇದ್ದ ಸಿಸ್ಟರ್ ಹುಲಿಯಾನಾ ಬೊನೊಹಾ ಹುಟ್ಟಿದ್ದು ಈಕ್ವಟೋರಿಯಲ್ ಗಿನಿಯಲ್ಲಿ, ಪಾಸ್‌ಪೋರ್ಟು ಮಾತ್ರ ಸ್ಪೇನಿನದು. ಆಕೆಗೆ ಎಬೋಲಾ ಇಲ್ಲವೆಂದು ಪರೀಕ್ಷೆ ಹೇಳಿತ್ತು.

ಆಗಸ್ಟ್ 7ರಂದು ಸ್ಪೇನಿನ ವಾಯುಪಡೆಯ ಏರ್‌ಬಸ್ ವಿಮಾನ ಬಂತು. ಪಾದ್ರಿ ಪಹಾರೆಸ್ ಅವರನ್ನೂ ಸಿಸ್ಟರ್ ಹುಲಿಯಾನಾ ಅವರನ್ನೂ ಹತ್ತಿಸಿಕೊಂಡು ಮ್ಯಾಡ್ರಿಡಿಗೆ ಹಾರಿತು. ರೋಗವಿಲ್ಲದ ಸಿಸ್ಟರ್ ವಿಮಾನದಲ್ಲಿದ್ದರು. ರೋಗವಿದ್ದ ಇಬ್ಬರು ಸಿಸ್ಟರುಗಳೂ ಒಬ್ಬ ಬ್ರದರ್ ಅವರೂ ಮನ್ರೋವಿಯಾದಲ್ಲಿಯೇ ಉಳಿದರು. ಸಿಸ್ಟರ್ ಶಾಂತಾಲ್ 9ರಂದು ತೀರಿಕೊಂಡರು, ಬ್ರದರ್ ಜಾರ್ಜ್ 11ರಂದು. ಮ್ಯಾಡ್ರಿಡಿನಲ್ಲಿ ಪಾದ್ರಿ ಪಹಾರೆಸ್ 12ರಂದು ತೀರಿಕೊಂಡರು. ಮನ್ರೋವಿಯಾದ ಇನ್ನೊಂದು ಮಿಶನ್ ಆಸ್ಪತ್ರೆಯ ಎಬೋಲಾ ಘಟಕಕ್ಕೆ ಸಾಗಿಸಲ್ಪಟ್ಟ ಸಿಸ್ಟರ್ ಪಾಸಿಯೆನ್ಸಿಯಾ ಬದುಕಿದರು.

ಸಿಸ್ಟರ್ ಹುಲಿಯಾನಾ, ಸಿಸ್ಟರ್ ಪಾಸಿಯೆನ್ಸಿಯಾ ಇಬ್ಬರೂ ಒಂದೇ ಸಂಘದ ಸನ್ಯಾಸಿನಿಯರು. ಹುಟ್ಟಿದ ದೇಶ ಒಂದೇ, ತೊಟ್ಟ ವ್ರತ ಒಂದೇ, ಮಾಡಿದ ಕೆಲಸ ಒಂದೇ. ಅವರನ್ನು ಬೇರ್ಪಡಿಸಿದ್ದು ಪಾಸ್‌ಪೋರ್ಟಿನ ಮೇಲಿನ ಮುದ್ರೆ.

ಇದಕ್ಕೆ ಸ್ಪೇನ್ ಸರ್ಕಾರವನ್ನು ಬೈಯುವುದು ಸುಲಭ. ನಾವು ಬೈಯುವುದಿಲ್ಲ. ಸರ್ಕಾರಗಳು ತಮ್ಮ ಪ್ರಜೆಗಳನ್ನು ಮೊದಲು ನೋಡಿಕೊಳ್ಳುತ್ತವೆ, ಅದಕ್ಕೆಂದೇ ಅವುಗಳನ್ನು ಕಟ್ಟಿಕೊಂಡಿರುತ್ತೇವೆ. ಆದರೆ ಮಿಶನ್ ಎಂಬುದು ಸರ್ಕಾರವಲ್ಲ. ದೇಶ, ಬಣ್ಣ, ಭಾಷೆಗಳ ಗೆರೆಗಳನ್ನು ಅಳಿಸಿ ಎಲ್ಲರನ್ನೂ ಸಹೋದರ ಸಹೋದರಿಯರೆಂದು ಕರೆಯುತ್ತೇವೆ ಎಂಬ ಮಾತಿನ ಮೇಲೆಯೇ ಅದು ನಿಂತಿದೆ. ಆ ಮಾತು ಪ್ರಾರ್ಥನೆಯ ವೇಳೆಗೆ ಸೀಮಿತವಾಗಿ, ಜ್ವರ ಬಂದ ದಿನ ಪಟ್ಟಿಯನ್ನು ರಾಯಭಾರ ಕಚೇರಿ ಸಿದ್ಧಪಡಿಸುವುದಾದರೆ, ಆ ದಿನ ಮಿಶನ್ನಿಗೆ ತನ್ನದೆಂಬ ಮಾತೇ ಇರುವುದಿಲ್ಲ. ರೋಗ ಮನೆಯೊಳಕ್ಕೆ ಬಂದ ಮೇಲೆ ಅಂಗಲಾಚಿದರೆ ಯಾವ ಸರ್ಕಾರವೂ ಬೇರೆ ದೇಶದ ಪಾಸ್‌ಪೋರ್ಟಿನ ಮೇಲೆ ಕರುಣೆ ತೋರುವುದಿಲ್ಲ. ಕೇಳಬೇಕಾದದ್ದು, ಬರೆಸಿಕೊಳ್ಳಬೇಕಾದದ್ದು ಆ ಸಿಸ್ಟರನ್ನು ಮನ್ರೋವಿಯಾಕ್ಕೆ ಕಳಿಸುವ ಮುಂಚೆ.

ಪಾಸ್‌ಪೋರ್ಟಿನ ನಿಯಮವನ್ನು ಮೀರಲೇ ಆಗದೆಂದು ಭಾವಿಸುವವರಿಗೆ ನಮ್ಮದೇ ಒಂದು ಉದಾಹರಣೆ ಇದೆ. 2020ರ ಫೆಬ್ರುವರಿ ಮೊದಲ ದಿನಗಳಲ್ಲಿ ಏರ್ ಇಂಡಿಯಾದ ಎರಡು ವಿಮಾನಗಳು ವುಹಾನಿನಿಂದ 647 ಭಾರತೀಯರನ್ನು ಕರೆತಂದವು. ಅವರ ಜೊತೆಯಲ್ಲಿ ಮಾಲ್ಡೀವ್ಸಿನ 7 ಮಂದಿಯೂ ಇದ್ದರು. ಅವರಾರೂ ರೋಗಿಗಳಾಗಿರಲಿಲ್ಲ, ಎಬೋಲಾ ರೋಗಿಯನ್ನು ಸಾಗಿಸುವುದು ಬೇರೆಯೇ ಕಷ್ಟ, ಒಪ್ಪುತ್ತೇವೆ. ಆದರೂ ಮೊದಲೇ ಮಾತಾಡಿಕೊಂಡರೆ ಬೇರೆ ದೇಶದವರಿಗೂ ಸೀಟು ಸಿಗುತ್ತದೆ ಎಂಬುದಕ್ಕೆ ಆ ಏಳು ಮಂದಿ ಸಾಕ್ಷಿ.

ಇನ್ನು ಮೊದಲ ಹಿರಿಯರ ಮಾತು: ಹೋದವರು ಅನುಭವಿಸಲಿ. ಇದು ನಮ್ಮ ಕೂಟದಲ್ಲಿ ಹುಟ್ಟಿದ ಮಾತೇನೂ ಅಲ್ಲ. ಮನ್ರೋವಿಯಾದ ಎಲ್ವಾ ಆಸ್ಪತ್ರೆಯಲ್ಲಿ ಸೋಂಕು ತಗಲಿದ ಅಮೆರಿಕದ ವೈದ್ಯ ಕೆಂಟ್ ಬ್ರಾಂಟ್ಲಿ ಮತ್ತು ಅವರ ಸಹೋದ್ಯೋಗಿ ನ್ಯಾನ್ಸಿ ರೈಟ್‌ಬೋಲ್ ಅವರನ್ನು 2014ರ ಆಗಸ್ಟಿನಲ್ಲಿ ಅಟ್ಲಾಂಟಾಕ್ಕೆ ಕರೆತಂದಾಗ, ಆಗಿನ್ನೂ ಉದ್ಯಮಿಯಾಗಿದ್ದ ಡೊನಾಲ್ಡ್ ಟ್ರಂಪ್ ಟ್ವಿಟರಿನಲ್ಲಿ ಬಹುಮಟ್ಟಿಗೆ ಇದೇ ಅರ್ಥದ ಮಾತು ಬರೆದಿದ್ದರು. ದೂರ ದೇಶಕ್ಕೆ ನೆರವಾಗಲು ಹೋಗುವವರು ದೊಡ್ಡವರೇ, ಆದರೆ ಪರಿಣಾಮವನ್ನು ಅವರೇ ಅನುಭವಿಸಬೇಕು ಎಂದು. ನಮ್ಮ ಹಿರಿಯರಿಗೆ ಈ ಸಹವಾಸ ರುಚಿಸಲಿಕ್ಕಿಲ್ಲ.

ಮತಾಂತರದ ಬಗ್ಗೆ ನಮ್ಮಲ್ಲಿಯೇ ಒಮ್ಮತವಿಲ್ಲ, ಇರಬೇಕಾಗಿಯೂ ಇಲ್ಲ. ಈ ವಾದಕ್ಕೆ ಅದು ಅಪ್ರಸ್ತುತ. ಮಿಶನ್ನಿನ ಸಿದ್ಧತೆಯಿಲ್ಲದಿರುವಿಕೆ ಮಿಶನರಿಯೊಬ್ಬನನ್ನೇ ಕೊಲ್ಲುವುದಾಗಿದ್ದರೆ 'ಅನುಭವಿಸಲಿ' ಎನ್ನಲು ಒಂದು ಕ್ರೂರ ತರ್ಕವಾದರೂ ಇರುತ್ತಿತ್ತು. ಅದು ಮೊದಲು ಕೊಲ್ಲುವುದು ಔಷಧಿ ಕೇಳಿಕೊಂಡು ಬಂದ ಊರವರನ್ನು. ಅದಕ್ಕೆ ಯಂಬುಕು ಸಾಕು.

ಯಂಬುಕು ಆಗಿನ ಜಾಯಿರೆಯ, ಇಂದಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಉತ್ತರದ ಒಂದು ಹಳ್ಳಿ. ಬೆಲ್ಜಿಯಮ್ಮಿನ ಸನ್ಯಾಸಿನಿಯರು ಅಲ್ಲಿ 120 ಹಾಸಿಗೆಗಳ ಆಸ್ಪತ್ರೆ ನಡೆಸುತ್ತಿದ್ದರು. ವೈದ್ಯರಿರಲಿಲ್ಲ. ಸುತ್ತಲಿನ ಹಳ್ಳಿಗಳಿಂದ ತಿಂಗಳಿಗೆ ಸಾವಿರಾರು ಮಂದಿ ಬರುತ್ತಿದ್ದರು, ಏಕೆಂದರೆ ಅಲ್ಲಿ ಔಷಧಿ ಇರುತ್ತಿತ್ತು, ಅಕ್ಕರೆಯಿಂದ ನೋಡುತ್ತಿದ್ದರು. ದಿನ ಬೆಳಗಾದರೆ ದಾದಿಯರ ಕೈಗೆ ಐದು ಸಿರಿಂಜುಗಳನ್ನೂ ಸೂಜಿಗಳನ್ನೂ ಕೊಡಲಾಗುತ್ತಿತ್ತು. ಹೊರರೋಗಿಗಳಿಗೆ, ಬಸುರಿಯರ ತಪಾಸಣೆಗೆ, ವಾರ್ಡುಗಳಿಗೆ, ಎಲ್ಲಕ್ಕೂ ಆ ಐದೇ. ಒಬ್ಬರಿಗೆ ಚುಚ್ಚಿದ ಮೇಲೆ ಬೋಗುಣಿಯ ಬೆಚ್ಚಗಿನ ನೀರಿನಲ್ಲಿ ಜಾಲಾಡಿ ಮುಂದಿನವರಿಗೆ ಚುಚ್ಚುತ್ತಿದ್ದರು. ಕುದಿಸುತ್ತಿದ್ದುದು, ಕುದಿಸಿದರೆ, ದಿನದ ಕೊನೆಗೆ. 1976ರ ಆಗಸ್ಟ್ ಕೊನೆಯಲ್ಲಿ ಅಲ್ಲಿನ ಮಿಶನ್ ಶಾಲೆಯ ಮೇಷ್ಟರೊಬ್ಬರು ಜ್ವರವೆಂದು ಬಂದಾಗ ಮಲೇರಿಯಾ ಇರಬಹುದೆಂದು ಅವರಿಗೊಂದು ಇಂಜೆಕ್ಷನ್ ಕೊಟ್ಟರು. ಮುಂದಿನದು ವೈದ್ಯಶಾಸ್ತ್ರದ ಇತಿಹಾಸ. ಎಬೋಲಾ ಎಂಬ ಹೆಸರು ಆಗಲೇ ಹುಟ್ಟಿದ್ದು, ಹತ್ತಿರದ ನದಿಯೊಂದರ ಹೆಸರಿನಿಂದ. 318 ಮಂದಿಗೆ ರೋಗ, 280 ಸಾವು. ಸೂಜಿಯ ಮೂಲಕವೇ ಸೋಂಕು ತಗಲಿದವರಲ್ಲಿ ಒಬ್ಬರೂ ಬದುಕಲಿಲ್ಲ. ಬಸುರಿಯರು ಬಹಳ ಮಂದಿ ಸತ್ತರು. ಸೂಜಿಯಿಂದ ಶಕ್ತಿ ಬರುತ್ತದೆಂದು ನಂಬಿ ಬಂದವರು ಅವರು. ಆಸ್ಪತ್ರೆಯ 17 ಸಿಬ್ಬಂದಿಯಲ್ಲಿ 11 ಮಂದಿ ಸತ್ತರು, ಸನ್ಯಾಸಿನಿಯರೂ ಸತ್ತರು. ರೋಗಿಯಾದ ಸಿಸ್ಟರ್ ಒಬ್ಬರನ್ನು ಕಿನ್ಶಾಸಾಕ್ಕೆ ಸಾಗಿಸಿದರು. ಅಲ್ಲಿ ಅವರ ಆರೈಕೆ ಮಾಡಿದ ಮಯಿಂಗಾ ಎಂಬ ಯುವ ನರ್ಸ್ ಕೂಡ ಸತ್ತಳು. ಪ್ರಯೋಗಾಲಯಗಳಲ್ಲಿ ಇಂದಿಗೂ ಆ ವೈರಸ್ಸಿನ ಒಂದು ತಳಿಗೆ ಅವಳ ಹೆಸರೇ ಇದೆ. ಆಸ್ಪತ್ರೆಯ ಬಾಗಿಲು ಮುಚ್ಚಿದ ಮೇಲೆ ಸಾವಿನ ಸಂಖ್ಯೆ ಇಳಿಯತೊಡಗಿತು.

ಆ ಸನ್ಯಾಸಿನಿಯರು ಕೆಟ್ಟವರಾಗಿರಲಿಲ್ಲ. ಹಣ ಕಡಿಮೆ, ಜನ ಹೆಚ್ಚು, ಸೂಜಿ ದುಬಾರಿ. ನಮ್ಮ ಊರುಗಳಲ್ಲಿಯೂ ಆ ಕಾಲದಲ್ಲಿ ಸಿರಿಂಜು ಕುದಿಸುವ ಸ್ಟೀಲಿನ ಡಬ್ಬಿಯನ್ನು ನೋಡಿ ಬೆಳೆದವರು ನಾವು. ಡಾಕ್ಟರು ಅದನ್ನು ಎಷ್ಟು ಹೊತ್ತು ಕುದಿಸುತ್ತಿದ್ದರೆಂದು ಯಾರು ನೋಡಿದ್ದರು! ಆದರೆ ಒಳ್ಳೆಯತನ ಸೂಜಿಯನ್ನು ಶುದ್ಧ ಮಾಡುವುದಿಲ್ಲ. ದಿನಕ್ಕೆ ಐದೇ ಸಿರಿಂಜು ಎಂದು ನಿರ್ಧರಿಸಿದ ಕೈ ಯಾರದ್ದೇ ಆಗಿರಲಿ, ಹೊಸ ಸನ್ಯಾಸಿನಿಯನ್ನು ಕಳಿಸಲು ಹಡಗಿನ ಟಿಕೆಟ್ಟಿಗೆ ಹಣವಿದ್ದ ಸಂಸ್ಥೆಯಲ್ಲಿ ಸೂಜಿಗೆ ಹಣವಿಲ್ಲವೆಂಬುದು ಬಡತನದ ಮಾತಾಗಲಾರದು, ಆದ್ಯತೆಯ ಮಾತು.

ಯಂಬುಕುವಿನ ಇನ್ನೊಂದು ಸಂಗತಿಯನ್ನು ಬೆಲ್ಜಿಯಮ್ಮಿನ ವೈದ್ಯ ಪೀಟರ್ ಪಿಯೋ ಹೇಳುತ್ತಾ ಬಂದಿದ್ದಾರೆ. ಆಗ 27ರ ಹರೆಯದ ಅವರೂ ಸಂಗಡಿಗರೂ ಅಲ್ಲಿಗೆ ತಲುಪಿದಾಗ, ಬದುಕುಳಿದ ಸನ್ಯಾಸಿನಿಯರು ಅತಿಥಿಗೃಹದ ಸುತ್ತ ಹಗ್ಗ ಕಟ್ಟಿ, ದಾಟಿದರೆ ಸಾವು ಎಂಬರ್ಥದ ಸೂಚನೆಯನ್ನು ಲಿಂಗಾಲಾ ಭಾಷೆಯಲ್ಲಿ ಬರೆದು ತೂಗುಹಾಕಿ ಒಳಗೆ ಪ್ರಾರ್ಥನೆ ಮಾಡುತ್ತಾ ಕುಳಿತಿದ್ದರು. ಪಿಡುಗು ಬಂದರೆ 'ಕೋರ್ದೋಂ' ಹಾಕಬೇಕೆಂದು ಅವರು ಎಲ್ಲಿಯೋ ಓದಿದ್ದರು. ಜನಸಂಚಾರದ ದಿಗ್ಬಂಧನಕ್ಕೂ ಹಗ್ಗಕ್ಕೂ ಫ್ರೆಂಚಿನಲ್ಲಿ ಅದೊಂದೇ ಪದ. ಅವರು ಹಗ್ಗ ಕಟ್ಟಿದರು. ಇದನ್ನು ಓದಿ ನಗಬಹುದು. ನಮಗೆ ನಗು ಬರಲಿಲ್ಲ. ದಶಕಗಳ ಕಾಲ ದಟ್ಟ ಕಾಡಿನ ನಡುವೆ ಆಸ್ಪತ್ರೆ ನಡೆಸಿದ ಹೆಂಗಸರ ಕೈಯಲ್ಲಿ, ಸಾವು ಬಾಗಿಲಿಗೆ ಬಂದಾಗ, ಎಂದೋ ಓದಿದ ಒಂದು ಪದವಲ್ಲದೆ ಬೇರೇನೂ ಇರಲಿಲ್ಲ. ಅವರನ್ನು ಕಳಿಸಿದವರು ಕೊಟ್ಟಿದ್ದು ಅಷ್ಟೇ.

ಎರಡನೆಯ ಹಿರಿಯರ ವಾದ ಇದಕ್ಕಿಂತ ಕಠಿಣವಾದದ್ದು, ಅದರಲ್ಲಿ ಗೌರವವಿದೆ. ತ್ಯಾಗವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಬಾರದು ಎನ್ನುತ್ತಾರೆ ಅವರು. 1995ರಲ್ಲಿ ಕಾಂಗೊದ ಕಿಕ್ವಿಟ್ ಪಟ್ಟಣದಲ್ಲಿ ಎಬೋಲಾ ಮತ್ತೆ ಬಂದಾಗ ಇಟಲಿಯ ಬೆರ್ಗಾಮೊದ ಒಂದು ಸಂಘದ ಆರು ಸನ್ಯಾಸಿನಿಯರು ಕೆಲವೇ ವಾರಗಳ ಅಂತರದಲ್ಲಿ ಒಬ್ಬರ ಹಿಂದೊಬ್ಬರು ಸತ್ತರು. ಒಬ್ಬರ ಆರೈಕೆ ಮಾಡಿದವರು ಮುಂದಿನ ರೋಗಿಯಾದರು. ಇತ್ತೀಚಿನ ವರ್ಷಗಳಲ್ಲಿ ಕ್ಯಾಥೊಲಿಕ್ ಚರ್ಚು ಅವರನ್ನು ಅಧಿಕೃತವಾಗಿ ಪೂಜ್ಯರೆಂದು ಘೋಷಿಸಿದೆ. ಅವರಿಗೆ ನಾವೂ ಕೈ ಮುಗಿಯುತ್ತೇವೆ. ಆದರೆ ಕೈ ಮುಗಿದ ಮೇಲೆ ಒಂದು ಮಾತು ಕೇಳಬೇಕಾಗುತ್ತದೆ. ಯಂಬುಕುವಿನ ವರದಿ ಅಚ್ಚಾಗಿ ಆಗ 17 ವರ್ಷಗಳಾಗಿದ್ದವು. ಆ 17 ವರ್ಷಗಳಲ್ಲಿ ಕಾಂಗೊದಲ್ಲಿ ದುಡಿಯುವ ಮಿಶನ್ ಆಸ್ಪತ್ರೆಗಳಿಗೆ ಅದನ್ನು ತಲುಪಿಸುವ ಕೆಲಸ ಯಾರದ್ದಾಗಿತ್ತು? ತ್ಯಾಗವೆಂಬುದು ತಿಳಿದು ಮಾಡಿದ ಆಯ್ಕೆ. ಅಪಾಯವೇನೆಂದೇ ತಿಳಿಸದೆ ಒಳಕ್ಕೆ ಕಳಿಸಿ, ಸತ್ತ ಮೇಲೆ ಅದನ್ನು ತ್ಯಾಗವೆಂದು ಕರೆಯುವುದು ಕಳಿಸಿದವರಿಗೆ ಅನುಕೂಲವಾದ ಪದಪ್ರಯೋಗ.

ಈ ಅನುಕೂಲಕ್ಕೆ ಹಳೆಯ ಚರಿತ್ರೆಯೇ ಇದೆ, ಅದು ನಾವೆಲ್ಲ ಪ್ರೀತಿಯಿಂದ ನೆನೆಯುವ ಬಾಸೆಲ್ ಮಿಶನ್ನಿನದೇ. ಮಂಗಳೂರಿಗೆ ಬರುವ ಮುಂಚೆ ಬಾಸೆಲಿನವರು ಹೋದದ್ದು ಇಂದಿನ ಘಾನಾಕ್ಕೆ, ಅಂದಿನ ಗೋಲ್ಡ್ ಕೋಸ್ಟಿಗೆ. 1828ರ ಡಿಸೆಂಬರಿನಲ್ಲಿ ನಾಲ್ವರು ತರುಣರು ಅಲ್ಲಿ ಇಳಿದರು. ಮುಂದಿನ ಆಗಸ್ಟಿನೊಳಗೆ ಮೂವರು ಸತ್ತರು, ನಾಲ್ಕನೆಯವರು 1831ರಲ್ಲಿ. 1832ರಲ್ಲಿ ಮತ್ತೆ ಮೂವರನ್ನು ಕಳಿಸಿದರು, ಈ ಸಲ ಒಬ್ಬ ವೈದ್ಯನನ್ನೂ ಸೇರಿಸಿ. ಎಲ್ಲರಿಗಿಂತ ಮೊದಲು ಸತ್ತದ್ದು ಆ ವೈದ್ಯನೇ, ಕೆಲವೇ ವಾರಗಳಲ್ಲಿ. ಉಳಿದದ್ದು ಆಂಡ್ರೆಯಾಸ್ ರೀಸ್ ಒಬ್ಬರು. ಅವರನ್ನು ಉಳಿಸಿದ್ದು ಅಲ್ಲಿಯ ನಾಟಿ ವೈದ್ಯರ ಮದ್ದು. ಇಷ್ಟಾದ ಮೇಲೆ ಬಾಸೆಲಿನಲ್ಲಿ ಒಂದು ಯೋಜನೆ ಹುಟ್ಟಿತು. ಬಿಳಿಯರಿಗೆ ಒಗ್ಗದ ಹವೆ ಕರಿಯರಿಗೆ ಒಗ್ಗೀತೆಂದು ಎಣಿಸಿ, ಜಮೈಕಾದಿಂದ ಕ್ರೈಸ್ತ ಕುಟುಂಬಗಳನ್ನು ಕರೆತಂದು ನೆಲೆಗೊಳಿಸುವುದು. 1843ರ ಏಪ್ರಿಲಿನಲ್ಲಿ ಸುಮಾರು ಎರಡು ಡಜನ್ ಮಂದಿಯ ಆ ತಂಡ ಹಡಗಿನಿಂದಿಳಿಯಿತು. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ಮೋಗ್ಲಿಂಗ್ ನಮ್ಮ ಮೊದಲ ಕನ್ನಡ ಪತ್ರಿಕೆಯನ್ನು ಹೊರತಂದರು. ಪತ್ರಿಕೆಯ ವಿಷಯ ನಮ್ಮ ಪಠ್ಯಪುಸ್ತಕಗಳಲ್ಲಿದೆ. ಹಡಗಿನ ವಿಷಯ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಆ ಜಮೈಕಾ ಕುಟುಂಬಗಳು ಘಾನಾದಲ್ಲಿ ಶಾಲೆ ಕಟ್ಟಿದವು, ತೋಟ ಬೆಳೆದವು, ಅವರ ವಂಶಸ್ಥರು ಇಂದಿಗೂ ಇದ್ದಾರೆ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಯೋಜನೆಯ ಬೇರನ್ನು ಗಮನಿಸಬೇಕು. ರೋಗಕ್ಕೆ ಉತ್ತರವೆಂದು ಕಂಡುಕೊಂಡಿದ್ದು ಬೇರೆ ಬಣ್ಣದ ಮೈಗಳನ್ನು. ಸೊಳ್ಳೆಯ ವಿಷಯ ಆಗ ಯಾರಿಗೂ ತಿಳಿದಿರಲಿಲ್ಲವೆಂಬ ಕಾರಣಕ್ಕೆ ಅವರನ್ನು ಕ್ಷಮಿಸಬಹುದು. ಎಲ್ಲವೂ ತಿಳಿದಿದ್ದ 2014ರಲ್ಲಿ ಅದೇ ಲೆಕ್ಕ ಇನ್ನೊಂದು ವೇಷದಲ್ಲಿ ನಡೆದದ್ದನ್ನು ಹೇಗೆ ಕ್ಷಮಿಸುವುದು?

ಇಲ್ಲಿ ಶೇಖ್ ಉಮರ್ ಖಾನರನ್ನು ನೆನೆಯಬೇಕು. ಅವರು ಮಿಶನರಿಯಲ್ಲ, ಸಿಯೆರಾ ಲಿಯೋನಿನ ಸರ್ಕಾರಿ ವೈದ್ಯ, ಎಬೋಲಾ ವಿರುದ್ಧದ ಹೋರಾಟದ ಮುಂಚೂಣಿಯಲ್ಲಿದ್ದವರು. ಅವರಿಗೇ ರೋಗ ತಗಲಿದಾಗ, ಅವರಿದ್ದ ಕೈಲಾಹುನ್ ಕೇಂದ್ರದಲ್ಲಿಯೇ ಜೀಮ್ಯಾಪ್ ಎಂಬ ಪ್ರಯೋಗಾವಸ್ಥೆಯ ಔಷಧಿ ಇತ್ತು. ಕೊಡಬೇಕೇ ಬೇಡವೇ ಎಂದು ಅಲ್ಲಿದ್ದ ಅಂತರರಾಷ್ಟ್ರೀಯ ತಜ್ಞರು ಚರ್ಚಿಸಿ, ಬೇಡವೆಂದು ತೀರ್ಮಾನಿಸಿದರು. ಜುಲೈ 29ರಂದು ಅವರು ಸತ್ತರು. ಆ ಔಷಧಿ ಗಡಿ ದಾಟಿ ಮನ್ರೋವಿಯಾಕ್ಕೆ ಹೋಗಿ ಬ್ರಾಂಟ್ಲಿ, ರೈಟ್‌ಬೋಲ್ ಅವರಿಗೆ ಸಿಕ್ಕಿತು. ಕೊಡದವರ ಹೆದರಿಕೆಗೂ ಅರ್ಥವಿತ್ತು: ಮನುಷ್ಯರ ಮೇಲೆ ಪರೀಕ್ಷಿಸದ ಔಷಧಿಯಿಂದ ಆ ವೈದ್ಯರೇ ಸತ್ತಿದ್ದರೆ ಜನ ಆಸ್ಪತ್ರೆಗಳನ್ನೇ ನಂಬುತ್ತಿರಲಿಲ್ಲ. ಆದರೂ, ಯಾರಿಗೆ ಏನು ಎಂಬುದನ್ನು ಹಾಸಿಗೆಯ ಪಕ್ಕದಲ್ಲಿ ನಿಂತು, ಗಾಬರಿಯಲ್ಲಿ, ದೂರದ ದೇಶಗಳಿಗೆ ಫೋನು ಮಾಡಿ ತೀರ್ಮಾನಿಸಿದರೆ ತಕ್ಕಡಿ ಯಾವ ಕಡೆಗೆ ಬಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ವಾ ಆಸ್ಪತ್ರೆಯ ಬಗ್ಗೆ ಒಳ್ಳೆಯದನ್ನೂ ಹೇಳಬೇಕು. 2014ರ ಮಾರ್ಚಿನಲ್ಲಿ ರೋಗದ ಸುದ್ದಿ ಬರುತ್ತಿದ್ದಂತೆಯೇ ಅಲ್ಲಿಯವರು ಸಿದ್ಧತೆಗೆ ತೊಡಗಿದರು. ಬೇರೆ ಜಾಗವಿರಲಿಲ್ಲ. ಆಸ್ಪತ್ರೆಯ ಪ್ರಾರ್ಥನಾಮಂದಿರವನ್ನೇ ತೆರವು ಮಾಡಿ ಎಬೋಲಾ ರೋಗಿಗಳ ಪ್ರತ್ಯೇಕ ವಾರ್ಡಾಗಿ ಮಾರ್ಪಡಿಸಿದರು. ಕೆಲವರಿಗೆ ಅದು ಅಪಚಾರವೆನಿಸಿತ್ತಂತೆ. ನಮಗೆ ಆ ಮಂದಿರಕ್ಕೆ ಅದಕ್ಕಿಂತ ಒಳ್ಳೆಯ ಬಳಕೆ ಕಾಣುವುದಿಲ್ಲ. ರೋಗ ಏರಿದಾಗ ಆಸ್ಪತ್ರೆಯ ಲೈಬೀರಿಯನ್ ನಿರ್ದೇಶಕ ಡಾ. ಜೆರ್ರಿ ಬ್ರೌನ್ ಅಡುಗೆಮನೆ, ಅಗಸರ ಕೋಣೆಗಳಿದ್ದ ಕಟ್ಟಡವನ್ನು ಎರಡನೆಯ ಘಟಕವಾಗಿ ಮಾಡಿದರು. ಅಮೆರಿಕನ್ನರನ್ನು ವಿಮಾನ ಒಯ್ದ ಮೇಲೆಯೂ ಅವರೂ ಅವರ ಸಂಗಡಿಗರೂ ಅಲ್ಲಿಯೇ ದುಡಿದರು. ಎಲ್ವಾ ನಡೆಸುವ ಮಿಶನ್ನಿಗೆ ಈ ಪಾಠ ಹೊಸದೂ ಆಗಿರಲಿಲ್ಲ. 1969ರಲ್ಲಿ ನೈಜೀರಿಯಾದ ಲಾಸಾ ಎಂಬ ಊರಿನಿಂದ ರೋಗ ತಗಲಿ ಬಂದ ಅಮೆರಿಕದ ಮಿಶನರಿ ನರ್ಸ್ ಲಾರಾ ವೈನ್ ಅವರ ಆರೈಕೆ ಮಾಡಿ, ಲಾಸಾ ಜ್ವರ ಎಂದು ಆಮೇಲೆ ಹೆಸರಾದ ರೋಗಕ್ಕೆ ತುತ್ತಾದ ಜೋಸ್ ಪಟ್ಟಣದ ಇಬ್ಬರು ನರ್ಸುಗಳು ಅದೇ ಮಿಶನ್ನಿನವರು. ಒಬ್ಬರು ಸತ್ತರು, ಇನ್ನೊಬ್ಬರನ್ನು ನ್ಯೂಯಾರ್ಕಿಗೆ ಒಯ್ದು ಉಳಿಸಿಕೊಂಡರು.

ಇನ್ನೂ ಒಳ್ಳೆಯ ಮಾದರಿ ಉತ್ತರ ಉಗಾಂಡದ ಗುಲು ಬಳಿಯ ಲಾಚೋರ್ ಆಸ್ಪತ್ರೆ. ಕೊಂಬೋನಿ ಮಿಶನರಿಗಳು 1959ರಲ್ಲಿ ಆರಂಭಿಸಿದ್ದು. 2000ದ ಅಕ್ಟೋಬರಿನಲ್ಲಿ ಅಲ್ಲಿಯ ನರ್ಸಿಂಗ್ ವಿದ್ಯಾರ್ಥಿಗಳು ವಿಚಿತ್ರ ಜ್ವರದಿಂದ ಸಾಯತೊಡಗಿದಾಗ, ಕಂಪಾಲಾದಲ್ಲಿ ಓದುತ್ತಿದ್ದ ಆಸ್ಪತ್ರೆಯ ಮುಖ್ಯಸ್ಥ ಡಾ. ಮ್ಯಾಥ್ಯೂ ಲುಕ್ವಿಯಾ ಧಾವಿಸಿ ಬಂದರು. ಆಫ್ರಿಕದ ಆಸ್ಪತ್ರೆಗಳಿಗೆಂದೇ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಅಮೆರಿಕದ ರೋಗನಿಯಂತ್ರಣ ಕೇಂದ್ರ ಸೇರಿ ಸಿದ್ಧಪಡಿಸಿದ್ದ ಕೈಪಿಡಿ ಅವರ ಬಳಿ ಇತ್ತು. ರಾತ್ರಿಯೆಲ್ಲ ರೋಗಿಗಳ ಚೀಟಿಗಳನ್ನು ಅದರೊಡನೆ ಹೋಲಿಸಿ ನೋಡಿ, ಪ್ರಯೋಗಾಲಯದ ಉತ್ತರಕ್ಕೆ ಕಾಯದೆ ಪ್ರತ್ಯೇಕ ವಾರ್ಡು ತೆರೆದರು. ಆ ಪಿಡುಗಿನಲ್ಲಿ 425 ಮಂದಿಗೆ ರೋಗ ಬಂದು 224 ಮಂದಿ ಸತ್ತರು. ಯಂಬುಕುವಿನ ಹತ್ತಕ್ಕೆ ಸುಮಾರು ಒಂಬತ್ತು ಸಾವು ಇಲ್ಲಿ ಹತ್ತಕ್ಕೆ ಐದಾಯಿತು. ವೈರಸ್ಸಿನ ಪ್ರಭೇದ ಬೇರೆಯಾಗಿತ್ತು, ಎಲ್ಲ ಶ್ರೇಯಸ್ಸು ಕೈಪಿಡಿಯದಲ್ಲ. ಲುಕ್ವಿಯಾ ಅವರೂ ಉಳಿಯಲಿಲ್ಲ. ಒಂದು ರಾತ್ರಿ ಸಾಯುತ್ತಿದ್ದ ನರ್ಸ್ ಒಬ್ಬನ ಆರೈಕೆಗೆ ಅವಸರದಲ್ಲಿ ಓಡಿದಾಗ ಕೈಗವಸು, ಮುಖಗವಸು ಎಲ್ಲ ಇತ್ತು, ಕಣ್ಣಿಗೆ ಮಾತ್ರ ಏನೂ ಇರಲಿಲ್ಲ. ಡಿಸೆಂಬರ್ 5ರಂದು ಸತ್ತರು. ಸಿದ್ಧತೆಯಿದ್ದರೆ ಯಾರೂ ಸಾಯುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಯಂಬುಕುವಿನಲ್ಲಿ ಒಂದು ಪದ ಇತ್ತು, ಗುಲುವಿನಲ್ಲಿ ಒಂದು ಪುಸ್ತಕ ಇತ್ತು. ವ್ಯತ್ಯಾಸ ಅಷ್ಟರದ್ದು.

ಇಂದು ಎಷ್ಟೋ ಸಂಸ್ಥೆಗಳ ಸಿದ್ಧತೆಯೆಂದರೆ ವಿಮೆಯ ಕಾಗದವೊಂದೇ. ಅಪಾಯ ಬಂದರೆ ವಿಮಾನ ಬರುತ್ತದೆ ಎಂಬ ನಂಬಿಕೆ. 2014ರಲ್ಲಿ ಬ್ರಾಂಟ್ಲಿ, ರೈಟ್‌ಬೋಲ್ ಅವರನ್ನು ಒಯ್ದ ಚಿಕ್ಕ ಜೆಟ್ಟಿನ ಪ್ಲಾಸ್ಟಿಕ್ ಗುಡಾರದೊಳಗೆ ಒಬ್ಬ ರೋಗಿಗೆ ಮಾತ್ರ ಜಾಗವಿತ್ತು. ಆಗಸ್ಟ್ 2ರಂದು ಒಬ್ಬರನ್ನು ಅಟ್ಲಾಂಟಾಕ್ಕೆ ಮುಟ್ಟಿಸಿ, ಮತ್ತೆ ಸಾಗರ ದಾಟಿ ಬಂದು, 5ರಂದು ಇನ್ನೊಬ್ಬರನ್ನು ಮುಟ್ಟಿಸಿತು. ತಂಡದಲ್ಲಿ ಹತ್ತು ಮಂದಿಗೆ ರೋಗ ಬಂದಿದ್ದರೆ? ವಿಮಾನವನ್ನೇ ಯೋಜನೆಯೆಂದು ಕರೆಯುವವರು ಈ ಗಣಿತ ಮಾಡಿ ನೋಡಬೇಕು. ಅದೇ ಆಸ್ಪತ್ರೆಯ ಮೂರನೆಯ ಅಮೆರಿಕನ್ ರೋಗಿ ಡಾ. ರಿಕ್ ಸಾಕ್ರಾ ಅವರಿಗೆ ಸೋಂಕು ತಗಲಿದಾಗ ಅವರು ಎಬೋಲಾ ವಾರ್ಡಿನಲ್ಲಿ ಕೆಲಸ ಮಾಡುತ್ತಲೇ ಇರಲಿಲ್ಲ. ಅವರಿದ್ದದ್ದು ಹೆರಿಗೆ ವಾರ್ಡಿನಲ್ಲಿ. ಹಾಗಾಗಿ ಕೈಗವಸು, ಕ್ಲೋರಿನ್ ನೀರು, ಬಾಗಿಲಲ್ಲಿಯೇ ಜ್ವರ ನೋಡುವ ವ್ಯವಸ್ಥೆ ಇವೆಲ್ಲ ಆಸ್ಪತ್ರೆಯ ಒಂದು ಮೂಲೆಯ ಮಾತಾಗಲಾರವು.

ಆಸ್ಪತ್ರೆ ಮುಚ್ಚಬೇಕಾಗಿ ಬಂದರೆ ಸ್ಥಳೀಯ ಸಿಬ್ಬಂದಿಗೆ ಎಷ್ಟು ತಿಂಗಳ ಸಂಬಳ, ಕೆಲಸದಲ್ಲಿ ಸೋಂಕು ತಗಲಿ ಸತ್ತ ಆಯಾಳ ಮಕ್ಕಳಿಗೆ ಏನು, ಮುಚ್ಚಿದ ದಿನ ಹೆರಿಗೆ ನೋವು ಬಂದ ಹೆಂಗಸು ಎಲ್ಲಿಗೆ ಹೋಗಬೇಕು, ಇವೂ ಆ ಕಾಗದದಲ್ಲಿರಬೇಕು. ಸಂತ ಜೋಸೆಫರ ಆಸ್ಪತ್ರೆ ಬಾಗಿಲು ಮುಚ್ಚಿದಾಗ ಆ ನಗರಕ್ಕೆ ತಪ್ಪಿದ್ದು ಎಬೋಲಾ ಚಿಕಿತ್ಸೆಯಷ್ಟೇ ಅಲ್ಲ. ಲೈಬೀರಿಯಾ ಆ ಪಿಡುಗಿನಲ್ಲಿ ತನ್ನ ವೈದ್ಯರು, ದಾದಿಯರು, ಸೂಲಗಿತ್ತಿಯರಲ್ಲಿ ಶೇಕಡ 8ರಷ್ಟನ್ನು ಕಳೆದುಕೊಂಡಿತೆಂದು ವಿಶ್ವಬ್ಯಾಂಕಿನ ಲೆಕ್ಕ ಹೇಳುತ್ತದೆ. ಅವರ ಪೈಕಿ ಯಾರಿಗೂ ವಿಮಾನ ಬಂದಿರಲಿಲ್ಲ.

ಸಿಸ್ಟರ್ ಪಾಸಿಯೆನ್ಸಿಯಾ ಅವರ ಕಥೆಯ ಉಳಿದ ಭಾಗ ಇಲ್ಲಿಗೆ ಸೇರುತ್ತದೆ. ಸೆಪ್ಟೆಂಬರಿನಲ್ಲಿ ಸಿಯೆರಾ ಲಿಯೋನಿನಿಂದ ಇನ್ನೊಬ್ಬ ಸ್ಪ್ಯಾನಿಷ್ ಮಿಶನರಿ ವೈದ್ಯ ಮನುಯೆಲ್ ಗಾರ್ಸಿಯಾ ವಿಯೆಹೊ ಅವರನ್ನು ಮ್ಯಾಡ್ರಿಡಿಗೆ ತಂದರು. ರೋಗ ಗೆದ್ದವರ ರಕ್ತದ ದ್ರವದಲ್ಲಿ ರೋಗನಿರೋಧಕ ಅಂಶವಿರುತ್ತದೆ, ಅದು ಬೇಕಾಯಿತು. ಆಗಸ್ಟಿನಲ್ಲಿ ವಿಮಾನ ಹತ್ತಲು ಅರ್ಹರಲ್ಲದ ಪಾಸಿಯೆನ್ಸಿಯಾ ಅವರಿಗೆ ಸೆಪ್ಟೆಂಬರಿನಲ್ಲಿ ಮ್ಯಾಡ್ರಿಡಿನ ದಾರಿ ತೆರೆಯಿತು. ಅವರು ಹೋದರು, ಸಂತೋಷದಿಂದಲೇ ಹೋದರು. ತಲುಪುವಷ್ಟರಲ್ಲಿ ಆ ವೈದ್ಯರು ತೀರಿಕೊಂಡರು. ಅವರ ಆರೈಕೆ ಮಾಡಿದ್ದ ಸಹಾಯಕ ನರ್ಸ್ ತೆರೇಸಾ ರೊಮೆರೊ ಅವರಿಗೆ ರೋಗ ತಗಲಿದಾಗ ಸಿಸ್ಟರ್ ಪಾಸಿಯೆನ್ಸಿಯಾ ಅವರ ರಕ್ತದ ದ್ರವವನ್ನು ಏರಿಸಿದರು. ರೊಮೆರೊ ಬದುಕಿದರು. ಸಿಸ್ಟರ್ ಅವರಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಅವರ ಪರವಾಗಿ ಸಿಟ್ಟಾಗುವ ಅಧಿಕಾರ ನಮಗಿಲ್ಲವಾದರೂ, ನಮಗೆ ಸಿಟ್ಟಿದೆ.

ಇದು ದೂರದ ಮಾತೆಂದು ಮುಂಬಯಿಯಲ್ಲೋ ಪುಣೆಯಲ್ಲೋ ಕುಳಿತ ಓದುಗರಿಗೆ ಅನ್ನಿಸಬಹುದು. ಮಿಶನರಿಯೆಂದರೆ ಗಡ್ಡ ಬಿಟ್ಟ ಬಿಳಿಯನೆಂಬ ಚಿತ್ರ ನಮ್ಮ ತಲೆಯಲ್ಲಿ ಕಿಟ್ಟೆಲರ ಕಾಲಕ್ಕೇ ನಿಂತುಬಿಟ್ಟಿದೆ. ಇಂದು ಆಫ್ರಿಕದ ಮಿಶನ್ ಆಸ್ಪತ್ರೆಗಳಿಗೆ, ಶಾಲೆಗಳಿಗೆ ಹೋಗುತ್ತಿರುವವರಲ್ಲಿ ಭಾರತದ ಹೆಣ್ಣುಮಕ್ಕಳು ಬಹಳ. ನಮ್ಮ ಕರಾವಳಿಯ ಮನೆಗಳಿಂದ ಹೋದವರಿದ್ದಾರೆ, ಕೇರಳದಿಂದ ಹೋದವರಿದ್ದಾರೆ. ನಮ್ಮ ಕೂಟಕ್ಕೆ ಬರುವ ಒಬ್ಬರ ಅತ್ತೆಯ ಮಗಳೂ ಹಾಗೆ ಹೋದವಳೇ. ಹೊರಡುವ ದಿನ ಹಾರ ಹಾಕಿ, ಕಾಣಿಕೆ ಕೊಟ್ಟು, ಫೋಟೊ ತೆಗೆಸಿಕೊಂಡು ಕಳಿಸಿದರಂತೆ. ಅಲ್ಲಿ ಜ್ವರ ಬಂದರೆ ಏನೆಂದು ಮನೆಯವರು ಕೇಳಿರಲಿಲ್ಲ. ಕೇಳಿದರೆ ನಂಬಿಕೆ ಸಾಲದು ಎಂದುಕೊಂಡಾರು ಎಂಬ ಸಂಕೋಚ.

ಆ ಸಂಕೋಚವನ್ನು ಬಿಡಿ ಎಂದು ಅಂಥ ಮನೆಗಳವರನ್ನು ಕೇಳಿಕೊಳ್ಳುತ್ತೇವೆ. ಹಾರ ಹಾಕುವ ಮುಂಚೆ ಆ ಕಾಗದವನ್ನು ತೋರಿಸಿ ಎನ್ನಿ. ಭಾರತದ ಪಾಸ್‌ಪೋರ್ಟಿನ ಸಿಸ್ಟರಿಗೂ ಇಟಲಿಯ ಪಾಸ್‌ಪೋರ್ಟಿನ ಸಿಸ್ಟರಿಗೂ ಅದರಲ್ಲಿ ಒಂದೇ ಸಾಲು ಇದೆಯೇ ಎಂದು ನೋಡಿ. ವಾರ್ಡು ಗುಡಿಸುವ, ಹೆಣ ತೊಳೆಯುವ ಆ ಊರಿನವರ ಹೆಸರು ಅದರಲ್ಲಿ ಇಲ್ಲದಿದ್ದರೆ ಅದನ್ನೂ ಕೇಳಿ, ಏಕೆಂದರೆ ನಿಮ್ಮ ಮಗಳಿಗೆ ರೋಗ ಬಂದ ರಾತ್ರಿ ಅವಳ ಬಾಯಿಗೆ ನೀರು ಹಾಕುವವರು ಅವರೇ. ಕಾಗದವೇ ಇಲ್ಲ ಎಂದರೆ ಮಗಳನ್ನು ಒಂದು ವರ್ಷ ತಡೆಯಿರಿ. ಕಾಣಿಕೆಯ ಡಬ್ಬಿಗೆ ಹಣ ಹಾಕುವ ಉಳಿದವರೂ ಇಷ್ಟನ್ನು ಕೇಳಬಹುದು. ನಾವು ಕೆಲವರು ನಮಗೆ ಗೊತ್ತಿರುವ ಒಂದೆರಡು ಸಂಘಗಳಿಗೆ ಪತ್ರ ಬರೆದಿದ್ದೇವೆ. ಉತ್ತರ ಬಂದರೆ ಇಲ್ಲಿಯೇ ಪ್ರಕಟಿಸುತ್ತೇವೆ.